ಮೂಲ: ಹದಿನೇಳನೇ ಮನೆ

ಬೆಟಗೇರಿಯ ಹಳೇ ಬಣ್ಣದ ಓಣಿಯಲ್ಲಿ ಈಗ ಲೋಟಗಳಿಗೆ ಹೆಸರಿದೆ. ಮನೆಯಲ್ಲಿ ಐದು ಮಂದಿ ಇದ್ದರೆ ಅಡುಗೆಮನೆಯ ಹಲಗೆಯ ಮೇಲೆ ಐದು ಲೋಟ, ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ಬರೆದ ಹೆಸರು. ಬಂದವರಿಗೆ ನೀರು ಕೊಡುವ ಪದ್ಧತಿ ನಿಂತು ಒಂದೂವರೆ ವರ್ಷವಾಯಿತು. ಕ್ಷಯ ಲೋಟದಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ ಎಂದು ಡಾ. ಕಸ್ತೂರಿ ಬೇವಿನಕಟ್ಟಿ ಇದೇ ಓಣಿಯಲ್ಲಿ ನಿಂತು ಗಂಟಲು ಹರಿಯುವಂತೆ ಹೇಳಿದ್ದಾಳೆ. ಜನ ತಲೆಯಾಡಿಸಿ ಕೇಳಿಸಿಕೊಂಡು, ಮನೆಗೆ ಹೋಗಿ ಲೋಟಕ್ಕೆ ಹೆಸರು ಬರೆದರು.

ಅವರನ್ನು ದೂರಿ ಏನು ಬಂತು? ಹೆಸರು ಹೇಳುವ ಚಟ ಕಲಿಸಿದವಳು ಅವಳೇ. ಅವಳು ಹುಟ್ಟಿದ್ದು ಇದೇ ಓಣಿಯ ನೇಕಾರರ ಮನೆಯಲ್ಲಿ, ಓದಿದ್ದು ಧಾರವಾಡದಲ್ಲಿ. ಮೂವತ್ತು ವರ್ಷ ಕ್ಷಯದ ಕ್ರಿಮಿಯೊಂದನ್ನೇ ಹಿಡಿದುಕೊಂಡು ಕೂತು, ಕೊನೆಗೆ ಪ್ರೆಶರ್ ಕುಕ್ಕರಿನಷ್ಟೇ ದೊಡ್ಡ ಯಂತ್ರವೊಂದನ್ನು ಮಾಡಿದಳು. ಹೆಸರು 'ಜಾಡು'. ಒಂದು ಚಮಚ ಕಫ ಹಾಕಿದರೆ ನಲವತ್ತು ನಿಮಿಷದಲ್ಲಿ ಪರದೆಯ ಮೇಲೆ ಮೂರು ಸಾಲು ಬರುತ್ತವೆ. ರೋಗ ಇದೆಯೋ ಇಲ್ಲವೋ ಎಂದು ಮೊದಲನೆಯದು ಹೇಳುತ್ತದೆ. ಯಾವ ಔಷಧ ನಾಟುತ್ತದೆ ಎಂದು ಎರಡನೆಯದು. ಯಾರಿಂದ ಬಂತು ಎಂದು ಮೂರನೆಯದು.

ಲೋಕವೆಲ್ಲ ಬೆರಗಾದದ್ದು ಆ ಮೂರನೆಯ ಸಾಲಿಗೆ. ಅದರ ಲೆಕ್ಕ ಕಷ್ಟದ್ದಲ್ಲ. ಕ್ಷಯದ ಕ್ರಿಮಿಯೊಳಗೆ ನಲವತ್ತನಾಲ್ಕು ಲಕ್ಷ ಅಕ್ಷರಗಳ ಒಂದು ಬರಹವಿದೆ. ಕ್ರಿಮಿ ಒಂದು ಎರಡಾಗುವಾಗಲೆಲ್ಲ ಅದನ್ನು ನಕಲು ಮಾಡುತ್ತದೆ, ನಕಲಿನಲ್ಲಿ ಸುಮಾರು ಎರಡು ವರ್ಷಕ್ಕೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನವರಿಗೂ ಹೋಗುತ್ತದೆ. ಯಾರ ಕ್ರಿಮಿಯಲ್ಲಿ ತಪ್ಪು ಕಡಿಮೆಯೋ ಅವರು ಕೊಟ್ಟವರು, ಯಾರದರಲ್ಲಿ ಹೆಚ್ಚೋ ಅವರು ಪಡೆದವರು. ಹೆಸರು ಬರಬಾರದೆಂದು ಕಸ್ತೂರಿ ಮನೆಯ ಸಂಖ್ಯೆಯನ್ನಷ್ಟೇ ಹಾಕಿದ್ದಳು. ಅರವತ್ತು ಮನೆಯ ಓಣಿಯಲ್ಲಿ ಸಂಖ್ಯೆಗೂ ಹೆಸರಿಗೂ ಏನು ವ್ಯತ್ಯಾಸ ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದವಳು ಮಾಡಬಾರದ ದಡ್ಡತನ ಅದು.

ನಾಲ್ಕು ತಿಂಗಳ ಹಿಂದೆ ಹದಿನೆಂಟನೇ ಮನೆಯ ಸುನಂದಾಳ ಮಗಳು ಮೇಘಾ, ಆರು ವರ್ಷದ ಹುಡುಗಿ, ಮಿದುಳಿಗೆ ಕ್ಷಯ ಏರಿ ತೀರಿಕೊಂಡಳು. ತಿಂಗಳಾದ ಮೇಲೆ ಪಕ್ಕದ ಮನೆಯ ಬನ್ನವ್ವನಿಗೂ ರೋಗ ಕಾಣಿಸಿತು. ಜಾಡು ಎರಡೂ ಮಾದರಿಗಳನ್ನು ಹೋಲಿಸಿ ಮಗುವಿನ ಚೀಟಿಯ ಕೊನೆಯ ಸಾಲನ್ನು ತುಂಬಿತು: ಮೂಲ, ಹದಿನೇಳನೇ ಮನೆ.

ಹದಿನೇಳರಲ್ಲಿ ಇರುವವಳು ಬನ್ನವ್ವ ಒಬ್ಬಳೇ. ಸುನಂದಾ ನೇಯಲು ಮಗ್ಗದ ಕುಣಿಗೆ ಇಳಿದಾಗಲೆಲ್ಲ ಮೇಘಾ ಆಡಿದ್ದು, ಉಂಡದ್ದು, ಮಲಗಿದ್ದು ಅವಳ ತೊಡೆಯ ಮೇಲೆ.

* * *

ಸೋಮವಾರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಕಸ್ತೂರಿಯ ತಾಯಿ ಈರವ್ವ ಫೋನು ಹಿಡಿದುಕೊಂಡು ಕೂತಿದ್ದಳು.

"ಮತ್ತ ಎತ್ತವಲ್ಲಳು ಬನ್ನವ್ವ. ಹನ್ನೆರಡ ದಿನಾ ಆತು."

"ಗುಳಿಗಿ ತಗೊಳ್ಳಾಕತ್ತಾಳಂತ. ಆರಾಮ ಅದಾಳಂತವಾ, ನರ್ಸ್ ಹೇಳ್ಯಾಳ."

"ನರ್ಸಿಗೇನ ಗೊತ್ತು? ಸಂಘದಾಗ ಆಕಿಗೆ ನೂಲ ಕೊಡೂದ ಬಿಟ್ಟಾರ. ಆಕಿ ಮುಟ್ಟಿದ ನೂಲಿನ ಕಂಡಿಕಿ ಯಾರೂ ಮುಟ್ಟೂದಿಲ್ಲಂತ. ನಿನ್ನ ಡಬ್ಬಿ ಹೇಳಿದ್ದಕ್ಕ." ಈರವ್ವ ಮಗಳ ಮುಖ ನೋಡದೆ ಹೇಳಿದಳು.

ಕಸ್ತೂರಿ ಚಹಾ ಅರ್ಧಕ್ಕೆ ಬಿಟ್ಟು ಎದ್ದಳು. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಹೊರಡಬೇಕೆನಿಸುತ್ತಿತ್ತು. ಶುಕ್ರವಾರ ಇಲಾಖೆಯ ನಿರ್ದೇಶಕರು ಬೆಟಗೇರಿಗೇ ಬಂದು, ನೇಕಾರರ ಸಂಘದ ಪಡಸಾಲೆಯಲ್ಲಿ, ಇನ್ನು ಮುಂದೆ ರಾಜ್ಯದ ಎಲ್ಲ ತಾಲೂಕಿಗೂ ಜಾಡು ಎಂದು ಘೋಷಿಸುವವರಿದ್ದರು. ಮೊದಲು ಪ್ರಯೋಗವಾದ ಓಣಿಗೆ ಆ ಗೌರವ ಸಲ್ಲಬೇಕೆಂದು ಅವರ ಆಸೆ. ಮೂವತ್ತು ವರ್ಷದ ದುಡಿಮೆ ಕೈಗೂಡುವ ದಿನ ಅದು. ಕಸ್ತೂರಿಗೆ ಮಾತ್ರ ಎರಡು ವಾರದಿಂದ ನೆಟ್ಟಗೆ ನಿದ್ದೆಯಿಲ್ಲ.

* * *

ಮಂಗಳವಾರ ಅವಳು ಓಣಿಗೆ ಹೋದಳು. ಬನ್ನವ್ವ ತನ್ನ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಆ ಕೈಗಳನ್ನು ಕಸ್ತೂರಿ ಖಾಲಿ ನೋಡಿದ್ದೇ ಇಲ್ಲ. ಲಾಳಿಯೊಳಗಿಡುವ ಕಂಡಿಕೆಗೆ ಓಣಿಗೆಲ್ಲ ನೂಲು ಸುತ್ತಿಕೊಡುತ್ತಿದ್ದವಳು ಬನ್ನವ್ವ. ಹೊಸದಾಗಿ ಮಗ್ಗ ಹತ್ತಿದ ಹುಡುಗಿಯರು ಲಾಳಿಯನ್ನು ಅವಳ ಹತ್ತಿರವೇ ತರುತ್ತಿದ್ದರು. ಒಳಗಿನ ಕಂಡಿಕೆಯ ಎಳೆ ಲಾಳಿಯ ಸಣ್ಣ ತೂತಿನಿಂದ ಹೊರಬರಬೇಕಾದರೆ ಅಲ್ಲಿ ಬಾಯಿ ಹಚ್ಚಿ ಉಸಿರೆಳೆಯಬೇಕು. ಉಳಿದವರು ನಾಲ್ಕು ಸಲ ಎಳೆದರೂ ಬಾರದ ಎಳೆ ಬನ್ನವ್ವನ ಒಂದೇ ಉಸಿರಿಗೆ ಬರುತ್ತಿತ್ತು. ಆ ವಿದ್ಯೆ ಅವಳಿಗೆ ಕಲಿಸಿದವನು ಕಸ್ತೂರಿಯ ಅಪ್ಪ ಗುರಪ್ಪ. ಗಂಡ ಸತ್ತ ವರ್ಷ ಅವಳು ಬಂದು, ನನಗೂ ಮಗ್ಗ ಕಲಿಸು ಅಣ್ಣಾ ಎಂದು ಅವನ ಕುಣಿಯ ಪಕ್ಕ ಕೂತಿದ್ದಳು. ಗಾಳಿಗೆ ನೂಲು ಒಣಗಿ ಹರಿಯುತ್ತದೆಂದು ಮಗ್ಗದ ಮನೆಯ ಕಿಟಕಿಗಳನ್ನು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದರು.

"ಕುಂದರಬ್ಯಾಡವಾ ಕಸ್ತೂರಿ, ಮಂದಿ ನೋಡ್ತಾರ," ಎಂದಳು ಬನ್ನವ್ವ. ಕಸ್ತೂರಿ ಕೂತಳು.

"ಅತ್ತಿ, ಒಂದ ಮಾತ ಕೇಳ್ತೀನಿ. ನಿನಗ ಕೆಮ್ಮು ಯಾವಾಗ ಸುರು ಆತು?"

"ಹುಡುಗಿ ಹೋಗಿ ತಿಂಗಳಾದ ಮ್ಯಾಲೆ. ಉಣ್ಣೂದ ಬಿಟ್ಟಿದ್ದೆ, ಮೈ ಬಿದ್ದಹೋಗಿತ್ತು, ಆವಾಗ. ಅದಕ್ಕ ಮೊದಲ ನಾ ಕೆಮ್ಮಿದಾಕೀನ ಅಲ್ಲ." ಬನ್ನವ್ವ ಮುಖ ಎತ್ತಿ ಕೇಳಿದಳು, "ಖರೇನ ನನ್ನಿಂದ ಬಂತೇನವಾ ಆ ಕೂಸಿಗೆ? ಡಬ್ಬಿ ಸುಳ್ಳ ಹೇಳೂದಿಲ್ಲಂತಲ್ಲ. ಅದೊಂದ ಹೇಳಿಬಿಡು ನನಗ. ಮಂದಿ ನೀರ ಕೊಡದಿದ್ರ ಬಿಡಲಿ."

ಕಸ್ತೂರಿಗೆ ಈಗ ಹೊಳೆಯಿತು. ಕೆಮ್ಮದವಳು ಕೊಡುವುದು ಹೇಗೆ? ಈ ಪ್ರಶ್ನೆಯನ್ನು ಮೂರು ತಿಂಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಯಂತ್ರ ಹೇಳಿದ ಮೇಲೆ ಮನುಷ್ಯರನ್ನು ಕೇಳುವ ಅಭ್ಯಾಸ ಅವಳಿಗೇ ತಪ್ಪಿಹೋಗಿತ್ತು.

ಆಗ ಗೋಡೆಯಾಚೆ ಸುನಂದಾಳ ಮಗ್ಗ ಕೇಳಿಸಿತು. ಲಾಳಿ ಓಡಿದ ಸದ್ದು, ಎಳೆಯನ್ನು ಕೂಡಿಸುವ ಹಲಗೆ ಬಡಿದ ಸದ್ದು. ಮತ್ತೆ ಲಾಳಿ, ಮತ್ತೆ ಹಲಗೆ. ನಡುವೆ ಇದ್ದಕ್ಕಿದ್ದಂತೆ ಬರೀ ಹಲಗೆ, ಒಂದರ ಹಿಂದೊಂದು ಐದಾರು ಸಲ, ಜೋರಾಗಿ. ಕಸ್ತೂರಿ ಕಿವಿಗೊಟ್ಟಳು. ಲಾಳಿ ಓಡದೆ ಹಲಗೆಯನ್ನು ಹಾಗೆ ಬಡಿದರೆ ಒಂದೆಳೆಯೂ ನೇಯುವುದಿಲ್ಲ. ಹಾಗೆ ಬಡಿಯುವ ಕೆಲಸವೇ ಮಗ್ಗದಲ್ಲಿಲ್ಲ. ಆ ಬಡಿತದ ಅಡಿಯಲ್ಲಿ, ಅದುಮಿ ಹಿಡಿದ ಕೆಮ್ಮಿತ್ತು.

ಅವಳು ಎದ್ದು ಹದಿನೆಂಟರ ಬಾಗಿಲಿಗೆ ಹೋದಳು. ಸುನಂದಾ ಕುಣಿಯಿಂದಲೇ ತಿರುಗಿ ನೋಡಿದಳು. ಮೂವತ್ತು ದಾಟಿರದ ಹೆಂಗಸು, ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

"ಎಷ್ಟ ದಿನದಿಂದ ಕೆಮ್ಮಾಕತ್ತೀಯವಾ?"

"ನಾ ಎಲ್ಲಿ ಕೆಮ್ಮಿದೆ? ಮಗ್ಗದ ಸಪ್ಪಳರಿ ಅದು."

"ನಾನೂ ಕುಣಿ ಬಾಜೂಕ ಬೆಳದಾಕಿ, ಸುನಂದಾ."

"ಮಾದರಿ ಕೊಟ್ಟೇನಲ್ರಿ ಆವಾಗ. ಏನೂ ಇಲ್ಲ ಅಂತ ಬಂತು." ಅವಳು ಕೊಟ್ಟದ್ದು ಕಫವಲ್ಲ, ಬರೀ ಉಗುಳು ಎಂದು ಕಸ್ತೂರಿಗೆ ಈಗ ಅರ್ಥವಾಯಿತು. "ನನ್ನ ಮಗಳನ್ನ ತಿಂದಾಕಿ ಆ ಗೋಡಿ ಆಚಿಕ ಅದಾಳ. ಆಕಿನ್ನ ಕೇಳ್ರಿ," ಎಂದು ಸುನಂದಾ ಲಾಳಿ ಒಗೆದಳು.

ಕಸ್ತೂರಿ ಹೊರಗೆ ಬಂದಾಗ ಬನ್ನವ್ವ ಅವಳ ಸೆರಗು ಹಿಡಿದು ಬಗ್ಗಿಸಿ, ಸಣ್ಣ ದನಿಯಲ್ಲಿ ಹೇಳಿದಳು. "ವರ್ಷಾತು ಆಕಿ ಕೆಮ್ಮಾಕತ್ತು. ನಡುವ ಒಂದ ಗೋಡಿ ಐತಿ, ನನಗ ಕೇಳೂದಿಲ್ಲೇನು? ಡಬ್ಬಿ ತನ್ನ ಹೆಸರ ಹೇಳ್ತೈತಿ ಅಂತ ಅಂಜ್ಯಾಳ. ಹೆಂಗರ ಮಾಡಿ ಆಕಿಗೆ ಗುಳಿಗಿ ಕೊಡು. ಆದರ ಹೆಸರ ಮಾತ್ರ ಹೇಳಬ್ಯಾಡ. ನಾ ಕೊಟ್ಟೇನಿ ಅಂತ ನನ್ನ ಬೈಕೊಂತ ಜೀವ ಹಿಡದಾಳ. ತಾನ ಕೊಟ್ಟೇನಿ ಅಂತ ಗೊತ್ತಾದ್ರ ಉಳಿಯೂದಿಲ್ಲ."

* * *

ಬುಧವಾರ ಕಸ್ತೂರಿ ಪ್ರಯೋಗಾಲಯದ ಶೀತಪೆಟ್ಟಿಗೆಯ ಕೆಳಗಿನ ಅರೆಯಿಂದ ಒಂದು ಸಣ್ಣ ಸೀಸೆ ತೆಗೆದಳು. ಮೇಲೆ ಅವಳದೇ ಹಳೆಯ ಅಕ್ಷರದಲ್ಲಿ 'ಬೆ-೧' ಎಂದಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಮೂರು ಸಂಸ್ಥೆ ಬದಲಿಸಿದ್ದಳು, ಸೀಸೆಯೂ ಅವಳ ಜೊತೆ ಬಂದಿತ್ತು. ವಿದ್ಯಾರ್ಥಿನಿಯಾಗಿದ್ದಾಗ ಅವಳು ಬೆಳೆಸಿದ ಮೊದಲ ಕ್ಷಯದ ಕ್ರಿಮಿ ಅದು. ಅದನ್ನು ಯಾವತ್ತೂ ಜಾಡಿಗೆ ಹಾಕಿರಲಿಲ್ಲ. ಹಾಕಬೇಕೆಂದು ಕೈ ಮುಂದೆ ಬಂದಾಗಲೆಲ್ಲ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು.

ಅವಳ ಸಹೋದ್ಯೋಗಿ ಇರ್ಫಾನ್ ಮುಲ್ಲಾ ಯಂತ್ರದ ಲೆಕ್ಕವನ್ನೆಲ್ಲ ನೋಡಿಕೊಳ್ಳುವವನು, ನಲವತ್ತರ ಆಸುಪಾಸಿನವನು. ಇಬ್ಬರೂ ಪರದೆಯ ಮುಂದೆ ನಿಂತರು. ನಲವತ್ತು ನಿಮಿಷ ಕಸ್ತೂರಿ ಒಂದು ಕಡೆ ನಿಲ್ಲಲಿಲ್ಲ.

"ಮೇಡಂ, ಎಲ್ಲೋ ಸೀಸೆ ಅದಲುಬದಲು ಆಗೇದರಿ," ಎಂದ ಇರ್ಫಾನ್. "ಮೂವತ್ತೊಂದು ವರ್ಷದ ಹಿಂದಿನ ಬೆ-೧ ಮತ್ತು ಈಗಿನ ಹದಿನೇಳನೇ ಮನಿ, ಎರಡೂ ಒಂದ ಅವ. ಒಂದಕ್ಷರ ಫರಕಿಲ್ಲ. ಹದಿನೈದಾದರೂ ಫರಕ ಬರಬೇಕಿತ್ತು."

"ಮಗುವಿನದು?"

"ಬೆ-೧ರಿಂದ ಹದಿನಾಲ್ಕು ಅಕ್ಷರ ದೂರ. ಅದು ಲೆಕ್ಕಕ್ಕ ಸರಿ ಐತಿ. ಓಣಿಯ ಉಳಿದ ಮಾದರಿಗಳೂ ಬೆ-೧ರ ಕವಲ ಅವ."

ಕಸ್ತೂರಿ ಕುರ್ಚಿ ಎಳೆದು ಕೂತಳು. "ಅದಲುಬದಲು ಅಲ್ಲ, ಇರ್ಫಾನ್. ಮಲಗಿತ್ತು."

ಕ್ಷಯದ ಕ್ರಿಮಿ ಒಳಹೊಕ್ಕವರಲ್ಲಿ ಹೆಚ್ಚಿನವರಿಗೆ ರೋಗ ಬರುವುದಿಲ್ಲ. ಅದು ಶ್ವಾಸಕೋಶದ ಮೂಲೆಯಲ್ಲಿ ಮಲಗಿಬಿಡುತ್ತದೆ, ವರ್ಷಗಟ್ಟಲೆ, ಕೆಲವರಲ್ಲಿ ಸಾಯುವ ತನಕ. ಇದು ಕ್ಷಯದ ಬಗ್ಗೆ ಓದುವವರ ಮೊದಲ ಪಾಠ. ಮಲಗಿದ ಕ್ರಿಮಿ ಎರಡಾಗುವುದಿಲ್ಲ, ಎರಡಾಗದಿದ್ದರೆ ನಕಲಿಲ್ಲ, ನಕಲಿಲ್ಲದಿದ್ದರೆ ತಪ್ಪೂ ಇಲ್ಲ. ಜಾಡು ಮಾತ್ರ ಎಲ್ಲರೊಳಗೂ ಗಡಿಯಾರ ಒಂದೇ ವೇಗದಲ್ಲಿ ಓಡುತ್ತದೆಂದು ನಂಬಿತ್ತು. ಬನ್ನವ್ವನ ಎದೆಯಲ್ಲಿ ಮೂವತ್ತೊಂದು ವರ್ಷ ನಿಂತೇಹೋಗಿದ್ದ ಗಡಿಯಾರ, ಮಗು ಸತ್ತ ದುಃಖಕ್ಕೆ ಮೈ ಸೋತಾಗ ಮತ್ತೆ ಶುರುವಾಗಿತ್ತು. ಅತಿ ಹಳೆಯ ಕ್ರಿಮಿ ಅವಳದಾದ್ದರಿಂದ ಯಂತ್ರ ಅವಳನ್ನೇ ಮೂಲ ಎಂದಿತು.

"ಅಂದ್ರ ಯಾರ ಮೈಯಾಗ ಬಹಳ ದಿನಾ ಮಲಗಿತ್ತೋ ಅವರನ್ನ ಹಿಡದು ಕೊಟ್ಟೇದ," ಎಂದ ಇರ್ಫಾನ್ ನಿಧಾನವಾಗಿ. "ಮುದುಕರನ್ನ."

"ಎರಡು ವರ್ಷದಾಗ ಎಲ್ಲಾ ಊರು ಸೇರಿ ಎಷ್ಟ ಮನಿ ಹೇಳೇದ?"

"ಏಳ್ನೂರಾ ಹನ್ನೆರಡು." ಅವನು ಕನ್ನಡಕ ತೆಗೆದು ಒರೆಸಿದ. "ಬೆ-೧ ಯಾರದರಿ?"

"ಒಬ್ಬ ನೇಕಾರಂದು," ಎಂದಳು ಕಸ್ತೂರಿ.

* * *

ಇರ್ಫಾನ್ ಮನೆಗೆ ಹೋಗದೆ ಲೆಕ್ಕ ತಿದ್ದಿದ. ಗುರುವಾರ ಮಧ್ಯಾಹ್ನ ಕಣ್ಣು ಕೆಂಪಗೆ ಮಾಡಿಕೊಂಡು, ಗೆದ್ದವನ ದನಿಯಲ್ಲಿ ಕರೆದ. ಈಗ ಯಂತ್ರ ಮಲಗಿದ ಕ್ರಿಮಿಯನ್ನೂ ಎದ್ದ ಕ್ರಿಮಿಯನ್ನೂ ಬೇರೆ ಮಾಡಬಲ್ಲದು. ನಡುವೆ ಮಾದರಿ ಸಿಗದವರಿದ್ದರೆ, ಯಾರು ಯಾರ ಜೊತೆ ಇರುತ್ತಾರೆಂಬ ಪಟ್ಟಿ ನೋಡಿ ಅವರನ್ನೂ ಊಹಿಸಬಲ್ಲದು. ಅವನು ಮೇಘಾಳ ಚೀಟಿಯನ್ನು ಮತ್ತೆ ತೆಗೆಸಿ ತೋರಿಸಿದ.

ಮೂಲ, ಹದಿನೆಂಟನೇ ಮನೆ.

"ಸರಿಹೋತರಿ ಮೇಡಂ. ನಾಳೆಗೆ ತಯಾರು."

ಕಸ್ತೂರಿ ಆ ಸಾಲನ್ನು ಎಷ್ಟೋ ಹೊತ್ತು ನೋಡಿದಳು. ನಿನ್ನೆಯವರೆಗೆ ಯಂತ್ರ ತಪ್ಪು ಹೇಳಿ ಒಬ್ಬ ಮುದುಕಿಯ ಬದುಕು ಹಾಳುಮಾಡಿತ್ತು. ಇವತ್ತು ನಿಜ ಹೇಳಿ ಒಬ್ಬ ತಾಯಿಯನ್ನು ಕೊಲ್ಲಲು ಹೊರಟಿತ್ತು.

"ಆ ಸಾಲು ತಗದುಬಿಡು, ಇರ್ಫಾನ್."

"ಮೇಡಂ, ಯಾರಿಂದ ಬಂತು ಅಂತ ಗೊತ್ತಾಗದಿದ್ರ ತಡೆಯೂದು ಹೆಂಗರಿ?"

"ನಮ್ಮ ಓಣ್ಯಾಗ ಮೊದಲನೇ ವರ್ಷ ತಾವಾಗಿ ಕಫ ಕೊಡಾಕ ಬಂದವರು ಎಷ್ಟು?"

ಇರ್ಫಾನ್ ನೋಡಿ ಹೇಳಿದ. "ಇನ್ನೂರಾ ಹತ್ತು."

"ಈ ವರ್ಷ?"

"ಒಂಬತ್ತು."

"ಉಳಿದವರು ಮಗ್ಗದ ಸಪ್ಪಳದಾಗ ಕೆಮ್ಮಾಕತ್ತಾರ."

ಅವನು ಕೀಲಿಮಣೆಯ ಮೇಲೆ ಕೈಯಿಟ್ಟು ಒಂದು ಸಲ ಅವಳ ಮುಖ ನೋಡಿ, ಮೂರನೆಯ ಸಾಲನ್ನು ಅಳಿಸಿದ. ಕಸ್ತೂರಿ ನಿರ್ದೇಶಕರಿಗೆ ಫೋನು ಮಾಡಿದಾಗ ಅವರು ಸಿಟ್ಟಾಗಲಿಲ್ಲ, ಬೇಸರಪಟ್ಟರು. "ಆ ಸಾಲಿಲ್ಲದಿದ್ದರೆ ಇದೂ ಹತ್ತರ ಜೊತೆ ಹನ್ನೊಂದನೇ ಯಂತ್ರ ಡಾಕ್ಟ್ರೇ. ಯೋಚನೆ ಮಾಡಿ. ನಾಳೆ ನಾನು ಏನಂತ ಘೋಷಿಸಲಿ?" "ಅದನ್ನು ನಾನೇ ಹೇಳ್ತೀನಿ ಸರ್," ಎಂದಳು ಕಸ್ತೂರಿ. ಮೂವತ್ತು ವರ್ಷದ ದುಡಿಮೆ ಹೋಯಿತೆಂದು ಗೊತ್ತಿದ್ದೂ ಅವಳು ಮಾತು ಬದಲಿಸಲಿಲ್ಲ.

ಸಾಲು ಅಳಿಸಿದರೂ ಓಣಿಯ ತಲೆಯಲ್ಲಿ ಹದಿನೇಳು ಉಳಿದೇ ಇರುತ್ತದೆ. ಬನ್ನವ್ವ ಅಲ್ಲ ಎಂದರೆ, ಹಾಗಾದರೆ ಯಾರು ಎಂದು ಕೇಳುತ್ತಾರೆ. ಯಾರೂ ಅಲ್ಲ ಎಂದರೆ ನಂಬುವುದಿಲ್ಲ. ಹೆಸರಿನ ರುಚಿ ಹತ್ತಿದವರಿಗೆ ಹೆಸರೇ ಬೇಕು. ಸಂಜೆ ಮನೆಗೆ ಬಂದು ಅವಳು ಅವ್ವನ ಎದುರು ನೆಲದ ಮೇಲೆ ಕೂತಳು.

"ಯವ್ವಾ, ಅಪ್ಪಂದು ದಮ್ಮಲ್ಲ ಅಂತ ನಿನಗ ಗೊತ್ತಿತ್ತಲ್ಲ?"

ಅವರೆಕಾಯಿ ಬಿಡಿಸುತ್ತಿದ್ದ ಈರವ್ವನ ಕೈ ನಿಂತಿತು. ಗುರಪ್ಪ ಸತ್ತಾಗ ದಮ್ಮಿನಿಂದ ಸತ್ತನೆಂದು ಓಣಿಗೆಲ್ಲ ಹೇಳಿದವಳು ಅವಳು. ಆಗ ಕಸ್ತೂರಿಯ ಅಕ್ಕನ ಮದುವೆ ಗೊತ್ತಾಗಿತ್ತು, ಕ್ಷಯವೆಂದಿದ್ದರೆ ಮುರಿದುಬೀಳುತ್ತಿತ್ತು. ಅಪ್ಪ ಉಗುಳುತ್ತಿದ್ದ ಡಬ್ಬಿಯಿಂದ ಕಸ್ತೂರಿ ಯಾರಿಗೂ ಹೇಳದೆ ಸ್ವಲ್ಪ ಕಫ ತೆಗೆದುಕೊಂಡು ಧಾರವಾಡಕ್ಕೆ ಒಯ್ದಿದ್ದಳು. ಉತ್ತರ ಬಂದಾಗ ಅಪ್ಪ ಹೋಗಿ ಎಂಟು ದಿನವಾಗಿತ್ತು. ಅವಳು ಸೀಸೆಗೆ 'ಬೆ-೧' ಎಂದು ಬರೆದು ಬಾಯಿ ಮುಚ್ಚಿಕೊಂಡಳು. ತಾಯಿ ಮಗಳು ಇಬ್ಬರೂ ಮೂವತ್ತೊಂದು ವರ್ಷ ಈ ಮಾತು ಎತ್ತಿರಲಿಲ್ಲ.

"ಈಗ್ಯಾಕ ಅದು?" ಎಂದಳು ಈರವ್ವ.

ಕಸ್ತೂರಿ ಎಲ್ಲವನ್ನೂ ಹೇಳಿದಳು, ಸುನಂದಾಳ ವಿಷಯವೊಂದನ್ನು ಬಿಟ್ಟು. ಈರವ್ವ ಕೇಳಿಸಿಕೊಂಡಳು, ಮತ್ತೆ ಕಾಯಿ ಬಿಡಿಸತೊಡಗಿ ಬುಟ್ಟಿ ಖಾಲಿಮಾಡಿದಳು.

"ನಾಳೆ ನಾನೂ ಬರ್ತೀನಿ," ಎಂದಳು ಕೊನೆಗೆ.

* * *

ಸಂಘದ ಪಡಸಾಲೆ ತುಂಬಿತ್ತು. ಕೂತವರ ನಡುವೆ ಒಂದು ಮೊಳ ಜಾಗ, ಎಲ್ಲರ ಕೈಯಲ್ಲೂ ತಮ್ಮ ತಮ್ಮ ನೀರಿನ ಬಾಟಲಿ. ಬನ್ನವ್ವನನ್ನು ಯಾರೂ ಕರೆದಿರಲಿಲ್ಲ. ಸುನಂದಾ ಹಿಂದಿನ ಕಂಬಕ್ಕೆ ಒರಗಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ನಿರ್ದೇಶಕರು ಎರಡು ಮಾತಾಡಿ, ಉಳಿದದ್ದನ್ನು ಡಾಕ್ಟರೇ ಹೇಳಲಿ ಎಂದು ಕೂತರು.

"ನನ್ನ ಯಂತ್ರ ತಪ್ಪು ಹೇಳೇದ," ಎಂದು ಕಸ್ತೂರಿ ಶುರುಮಾಡಿದಳು. "ಬನ್ನವ್ವತ್ತಿ ಮೇಘಾಗ ಕೊಟ್ಟಿಲ್ಲ. ಯಾರಿಗೂ ಕೊಟ್ಟಿಲ್ಲ. ಆಕಿ ಎದ್ಯಾಗ ಅದು ಮೂವತ್ತೊಂದ ವರ್ಷ ಮಲಗಿತ್ತು, ಕೂಸು ಹೋದ ಮ್ಯಾಲೆ ಎದ್ದೈತಿ. ತಪ್ಪು ಯಂತ್ರದ್ದು. ಯಂತ್ರ ಮಾಡಿದಾಕಿ ನಾನು."

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಸಂಘದ ಹಿರಿಯನೊಬ್ಬ ಎದ್ದು ನಿಂತ. "ಹಂಗಾದ್ರ ಕೂಸಿಗೆ ಕೊಟ್ಟವರು ಯಾರರಿ ಮೇಡಂ? ಯಾರಿಂದರ ಬಂದಿರಬೇಕಲ್ಲ."

ಕಂಬದ ಹತ್ತಿರ ಸೆರಗು ಅಲುಗಲಿಲ್ಲ. ಕಸ್ತೂರಿ ಅತ್ತ ನೋಡದಿರಲು ತುಂಬ ಕಷ್ಟಪಟ್ಟಳು.

"ಯಂತ್ರ ಇನ್ನ ಮ್ಯಾಲೆ ಅದನ್ನ ಹೇಳೂದಿಲ್ಲ. ಆ ಸಾಲು ತಗದೀನಿ. ರೋಗ ಐತೇನು, ಯಾವ ಗುಳಿಗಿ ನಾಟತೈತಿ, ಇಷ್ಟ ಹೇಳತೈತಿ. ನಿಮಗ ಹೆಸರ ಬೇಕ ಬೇಕಂದ್ರ ಒಂದ ಹೆಸರ ಕೊಡ್ತೀನಿ. ಈ ಓಣಿ ಒಳಗ ಎಷ್ಟ ಮಂದಿ ಮೈಯಾಗ ಈ ಕ್ರಿಮಿ ಐತಿ, ಎಲ್ಲಾ ಒಂದ ಮನಿಯಿಂದ ಬಂದೈತಿ. ಬೇವಿನಕಟ್ಟಿ ಗುರಪ್ಪ. ನಮ್ಮಪ್ಪ. ಅವಗ ದಮ್ಮಿರಲಿಲ್ಲ, ಕ್ಷಯ ಇತ್ತು. ನಮಗ ಗೊತ್ತಿತ್ತು, ಮುಚ್ಚಿಟ್ಟಿವಿ. ಮುಚ್ಚಿಟ್ಟಿದ್ದಕ್ಕ ಅವಗೂ ಗುಳಿಗಿ ಸಿಗಲಿಲ್ಲ, ಉಳಿದವರಿಗೂ ಗೊತ್ತಾಗಲಿಲ್ಲ. ಯಾರಿಗೆ ಬೈಬೇಕಂದ್ರೂ ನಮ್ಮನ್ನ ಬೈರಿ."

ಯಾರೂ ಬೈಯಲಿಲ್ಲ. ಗುರಪ್ಪನ ಕೈಯಲ್ಲಿ ಮಗ್ಗ ಕಲಿತವರು ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿಯಾದರೂ ಇದ್ದರು. ಒಬ್ಬೊಬ್ಬರೂ ತಮ್ಮ ಎದೆಯತ್ತ ನೋಡಿಕೊಂಡಂತೆ ತಲೆ ತಗ್ಗಿಸಿದರು. ಮುಂದಿನ ಸಾಲಿನಲ್ಲಿದ್ದ ಈರವ್ವ ಎದ್ದಳು. ಮಗಳ ಕಡೆ ನೋಡದೆ, ಗೋಡೆ ಹಿಡಿದುಕೊಂಡು ಹೊರಗೆ ನಡೆದಳು. ತನ್ನಿಂದ ಅವ್ವನ ಮಾನ ಹೋಯಿತೆಂದು ಕಸ್ತೂರಿ ಮಾದರಿ ಸೀಸೆಗಳ ಪೆಟ್ಟಿಗೆಯನ್ನು ಎತ್ತಿಕೊಂಡು ಹಿಂದೆಯೇ ಓಡಿದಳು. ಹಿಂದಿನ ಕಂಬದ ಹತ್ತಿರ ಈಗ ಯಾರೂ ಇರಲಿಲ್ಲ.

ಈರವ್ವ ಹೋದದ್ದು ಹದಿನೇಳರ ಕಟ್ಟೆಗೆ. ಬನ್ನವ್ವ ಗಾಬರಿಯಾಗಿ ಎದ್ದಳು.

"ಕುಂದ್ರ ಬನ್ನವ್ವ," ಎಂದು ಈರವ್ವ ತಾನೂ ಕೂತಳು. "ನಮ್ಮನಿಯವಗ ಏನಾಗಿತ್ತು ಅಂತ ಗೊತ್ತಿದ್ದೂ ನಿನ್ನ ಆ ಮಗ್ಗದ ಮನ್ಯಾಗ ಕುಂದ್ರಿಸಿದೆ. ಮಗಳ ಲಗ್ನದ ಸಲುವಾಗಿ."

"ನನಗೂ ಗೊತ್ತಿತ್ತಳವಾ," ಎಂದಳು ಬನ್ನವ್ವ. "ರಕ್ತ ಉಗುಳೂದ ನಾ ನೋಡಿರಲಿಲ್ಲೇನು? ಮಗ್ಗ ಕಲಿಯೂತನಾ ಏಳಬಾರದಂತ ನಾನ ಕುಂತಿದ್ದೆ."

ಈರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಬಾಯಿ ಒಣಗೇತಿ, ನೀರ ಕೊಡು," ಎಂದಳು. ಬನ್ನವ್ವ ಒಳಗೆ ಹೋಗಿ ಬರಿಗೈಯಲ್ಲಿ ಬಂದಳು. ಮನೆಯಲ್ಲಿದ್ದದ್ದು ಒಂದೇ ಲೋಟ, ತನ್ನ ಹೆಸರಿನದು. "ಅದರಾಗ ಕೊಡು," ಎಂದಳು ಈರವ್ವ. ಸಂಘದಿಂದ ಮನೆಗೆ ಹೊರಟ ಮಂದಿ ಓಣಿಯಲ್ಲಿ ನಿಂತು ನೋಡುತ್ತಿದ್ದಂತೆಯೇ ಅವಳು ಆ ಲೋಟಕ್ಕೆ ಬಾಯಿ ಹಚ್ಚಿ ಪೂರ್ತಿ ಕುಡಿದು, ಇನ್ನೊಂದು ಸಲ ತುಂಬಿಸಿಕೊಂಡಳು.

ಗೋಡೆಯಾಚೆ ಮಗ್ಗ ಶುರುವಾಗಿತ್ತು. ಲಾಳಿ, ಹಲಗೆ, ಲಾಳಿ, ಹಲಗೆ. ಆಮೇಲೆ ಬರೀ ಹಲಗೆ, ಜೋರಾಗಿ ಎರಡು ಸಲ ಬಡಿದು ನಿಂತುಬಿಟ್ಟಿತು. ಬನ್ನವ್ವ ಮತ್ತು ಕಸ್ತೂರಿ ಒಬ್ಬರ ಮುಖ ಒಬ್ಬರು ನೋಡಿದರು.

ಸದ್ದಿಲ್ಲದ ಮನೆಯೊಳಗಿನಿಂದ ಕೆಮ್ಮು ಬಂತು. ಅದುಮಿದ್ದಲ್ಲ, ಬಿಟ್ಟು ಕೆಮ್ಮಿದ್ದು, ಓಣಿಯ ಆ ತುದಿಗೂ ಕೇಳುವಂಥದ್ದು. ಬಹಳ ಹೊತ್ತು ಕೆಮ್ಮಿ, ಉಸಿರು ತೆಗೆದುಕೊಂಡು, ಸುನಂದಾ ಬಾಗಿಲಿಗೆ ಬಂದು ನಿಂತಳು. ಓಣಿಯ ಮಂದಿಯನ್ನೆಲ್ಲ ನೋಡಿದಳು. ಆಮೇಲೆ ಬನ್ನವ್ವನನ್ನು ನೋಡಿದಳು, ಮೂರು ತಿಂಗಳ ಮೇಲೆ ಮೊದಲ ಸಲ.

"ಅತ್ತಿ," ಎಂದಳು. ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದಿಟ್ಟಳು.

"ಬಾರವಾ, ಇಲ್ಲಿ ಕುಂದ್ರು," ಎಂದು ಬನ್ನವ್ವ ಸರಿದು ಜಾಗ ಮಾಡಿಕೊಟ್ಟಳು. ಕಸ್ತೂರಿ ಪೆಟ್ಟಿಗೆ ತೆರೆದು ಸುನಂದಾಳ ಕಫಕ್ಕೆಂದು ಒಂದು ಸೀಸೆ ತೆಗೆದಳು. ಅದರ ಮೇಲೆ ಮನೆಯ ಸಂಖ್ಯೆ ಬರೆಯಲು ಹೋದ ಕೈಯನ್ನು ತಡೆದು, ಲೇಖನಿಯನ್ನು ಮತ್ತೆ ಚೀಲಕ್ಕೆ ಹಾಕಿದಳು.